ಹನ್ನೊಂದು ಬೇಲ್

ಕರಿಯಪ್ಪ ಜೈಲಿನಲ್ಲಿದ್ದಾನೆ ಎಂಬ ಸುದ್ದಿಯನ್ನು ಹುಟ್ಟಿಸಿದವಳು ಅವನ ಹೆಂಡತಿ ರುಕ್ಮಿಣಮ್ಮನೇ. ಒಂದು ಹಗಲು ಕಳೆದು ಆ ಸುದ್ದಿ ಊರೆಲ್ಲ ಸುತ್ತಿ ಅವಳ ಹೊಸಿಲಿಗೇ ವಾಪಸು ಬಂದಾಗ ಎಲ್ಲರಿಗಿಂತ ಮೊದಲು ನಂಬಿದವಳೂ ಅವಳೇ. ಇದರಲ್ಲಿ ಅವಳ ತಪ್ಪೆಷ್ಟು, ಒಂದೇ ಪದಕ್ಕೆ ಎರಡು ಅರ್ಥ ಇಟ್ಟವರ ತಪ್ಪೆಷ್ಟು ಎಂಬುದನ್ನು ಹಿರಿಯರು ಕೂತು ತೀರ್ಮಾನಿಸಬೇಕು.

ಪಿರಿಯಾಪಟ್ಟಣದಿಂದ ಏಳು ಮೈಲಿ ದೂರದ ಆ ಊರಿನಲ್ಲಿ ಬೇಲ್ ಎಂದರೇನು ಎಂದು ಯಾರೂ ಕೇಳುವುದಿಲ್ಲ. ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ, ಎಂದರೆ ಬೆಂಕಿ ಗೂಡಿನ ಮನೆಯಲ್ಲಿ, ಬೇಯಿಸಿ, ಹದ ಮಾಡಿ, ಒತ್ತಿ, ಗೋಣಿತಾಟು ಸುತ್ತಿ ಹೊಲಿದರೆ ಅದು ಬೇಲ್. ಹರಾಜಿನಲ್ಲಿ ಯಾರಾದರೂ ಕೂಗಿ ಕೊಂಡರೆ ‘ಬೇಲ್ ಆಯ್ತು’. ಹರಾಜು ಕಟ್ಟೆಯ ಸೂಪರಿಂಟೆಂಡೆಂಟರು ಮುಟ್ಟಿ ನೋಡಿ, ಸೊಪ್ಪು ತೇವವಾಗಿದೆ ಎಂದು ಪಕ್ಕಕ್ಕೆ ತಳ್ಳಿದರೆ ‘ರಿಜೆಕ್ಟ್ ಆಯ್ತು’. ಆಗ ಬಿಚ್ಚಿ, ಮತ್ತೆ ಹದ ಮಾಡಿ, ಇನ್ನೊಂದು ದಿನ ತರಬೇಕು. ಬೆಳೆಯಲು, ಮಾರಲು ಲೈಸನ್ಸ್ ಬೇಕು. ಇಷ್ಟೇ.

ಆದರೆ ರುಕ್ಮಿಣಮ್ಮನಿಗೆ ಈ ಸಲದ ಹನ್ನೊಂದು ಬೇಲ್ ಬರೀ ಸೊಪ್ಪಾಗಿರಲಿಲ್ಲ. ಮಗಳು ಸೌಂದರ್ಯ ಎರಡು ವರ್ಷದಿಂದ ಟೀವಿ ಧಾರಾವಾಹಿಯಲ್ಲಿ ಡಾಕ್ಟರು. ಸಂಜೆ ಏಳೂವರೆಗೆ ಬಿಳಿ ಕೋಟು ಹಾಕಿಕೊಂಡು ಬಂದು, ಸಿಗರೇಟು ಸೇದುವ ಗಂಡಸರನ್ನೆಲ್ಲ ಬೈದು, ಒಂದೊಂದು ಸಲ ಅತ್ತು ಹೋಗುತ್ತಾಳೆ. ಊರಿಗೆ ಊರೇ ನೋಡುತ್ತದೆ. ಕರಿಯಪ್ಪ ನೋಡುವುದಿಲ್ಲ. ಮಗಳು ಬೆಂಗಳೂರಿಗೆ ಹೊರಟ ದಿನ “ಆ ಕೆಲ್ಸಕ್ಕೋದ್ರೆ ನನ್ನ ಮಾತಾಡಿಸ್ಬ್ಯಾಡ” ಎಂದವನು ಆಮೇಲೆ ಬಾಯಿ ಬಿಟ್ಟಿಲ್ಲ. ಏಳೂವರೆಗೆ ಸರಿಯಾಗಿ ಟವೆಲು ಕೊಡವಿ ಬ್ಯಾರನ್ನಿನ ಕಡೆ ನಡೆದುಬಿಡುತ್ತಾನೆ. ಆ ಟವೆಲಿನ ಸದ್ದು ಕೇಳಿದರೆ ಸಾಕು, ಮನೆಯಲ್ಲಿ ಮಾತು ನಿಂತುಹೋಗುತ್ತದೆ.

ಈಗ ಶುಕ್ರವಾರ ಹನ್ನೊಂದು ಗಂಟೆಗೆ ಚಾನೆಲ್ಲಿನವರು ಮನೆಗೇ ಬರುತ್ತಾರೆ. ತಾರೆಯ ತವರನ್ನು ತೋರಿಸುವ ಕಾರ್ಯಕ್ರಮ. ತಂದೆ ಮಗಳು ಒಂದೇ ಬೆಂಚಿನ ಮೇಲೆ ಕೂರಬೇಕು. ರುಕ್ಮಿಣಮ್ಮ ಬೇಡಿಕೊಂಡಳು. ಕರಿಯಪ್ಪ ಒಂದು ಊಟದ ಹೊತ್ತು ಯೋಚಿಸಿ, ಕೈ ತೊಳೆದು, “ಬೇಲ್ ಆದ್ರೆ ಬತ್ತೀನಿ” ಎಂದು ಪಿರಿಯಾಪಟ್ಟಣದ ಹರಾಜಿಗೆ ಹೊರಟುಹೋದ. ಎರಡು ವರ್ಷದಲ್ಲಿ ಆ ವಿಷಯಕ್ಕೆ ಅವನು ಆಡಿದ್ದು ಅದೊಂದೇ ಮಾತು.

ಇತ್ತ ಮಗಳು ಫೋನಿನಲ್ಲಿ ಎಚ್ಚರಿಸಿದ್ದಳು. “ಅಮ್ಮ, ಹೊಗೆಸೊಪ್ಪು ಅನ್ನೋ ಪದ ನಿನ್ನ ಬಾಯಲ್ಲಿ ಬರ್ಬಾರ್ದು. ನಾನು ದಿನಾ ಸಿಗರೇಟು ಬಿಡಿ ಅಂತ ಬೈಯೋಳು. ಸೊಪ್ಪು ಬೆಳೆದೇ ನಮ್ಮಪ್ಪ ನನ್ನ ಓದಿಸಿದ್ದು ಅಂತ ಗೊತ್ತಾದ್ರೆ ಜನ ನಗ್ತಾರೆ. ಅಪ್ಪಂದು ಎಕ್ಸ್‌ಪೋರ್ಟ್ ಬಿಸಿನೆಸ್ ಅಂತ ಹೇಳಿದ್ದೀನಿ. ಶುಕ್ರವಾರದವರೆಗೂ ಶೂಟಿಂಗು, ನನ್ನ ಫೋನ್ ಆಫ್ ಇರುತ್ತೆ.”

ರುಕ್ಮಿಣಮ್ಮ ಆ ಪದವನ್ನು ಬಾಯಿಂದ ತೆಗೆದುಹಾಕಿದಳು. ಅನಾಹುತ ಶುರುವಾದದ್ದೇ ಅಲ್ಲಿಂದ.

ಬುಧವಾರ ಚಾನೆಲ್ಲಿನಿಂದ ಪದ್ಮಶ್ರೀ ಎಂಬ ಹುಡುಗಿ ಫೋನು ಮಾಡಿದಳು. ಬೆಂಗಳೂರಿನ ಮಾತು, ಜೇನಿನಂಥ ದನಿ.

“ಅಮ್ಮಾ, ಶುಕ್ರವಾರ ಯಜಮಾನರು ಇರ್ತಾರಲ್ವಾ?”

“ಅದೇ ಗ್ಯಾರಂಟಿ ಇಲ್ಲ ಕಣವ್ವಾ. ಬೇಲ್ ರಿಜೆಕ್ಟ್ ಆಗೋಯ್ತು.”

“...ಬೇಲಾ?”

“ಊಂ. ಸೋಮ್ವಾರ ಒಂದ್ಸಲ, ನೆನ್ನೆ ಒಂದ್ಸಲ. ಸೂಪ್ರೆಂಟ್ರು ಮುಟ್ಟಿ ನೋಡ್ಬುಟ್ಟು ಆಗಕಿಲ್ಲ ಅಂದ್ರಂತೆ.”

“ಮುಟ್ಟಿ ನೋಡ್ತಾರಾ?”

“ಮತ್ತೆ? ಮುಟ್ಟದೆ ಎಂಗ್ ಗೊತ್ತಾಯ್ತದೆ? ಮೆತ್ತಗಿದ್ರೆ ಒಪ್ಪಲ್ಲ ಅವ್ರು.”

“ಇದು... ಮೊದಲನೇ ಸಲಾನಾ ಅಮ್ಮಾ?”

“ಅಯ್ಯೋ, ನಾನು ಮದ್ವೆಯಾಗಿ ಬಂದಾಗ್ಲಿಂದ್ಲೂ ಇದೇಯ. ವರ್ಷ ವರ್ಷಾನೂ ಓಯ್ತಾರೆ. ನಮ್ ಮಾವನೋರೂ ಓಯ್ತಿದ್ರು. ಈಗ ಊರ್ನಾಗೆ ಗಂಡಸ್ರೇ ಇಲ್ಲ ಅನ್ನು, ಎಲ್ಲಾ ಅಲ್ಲೇ ಅವ್ರೆ.”

“ಇಡೀ ಊರಾ!”

“ಲೈಸನ್ಸ್ ಇರೋರೆಲ್ಲ. ಇಲ್ದೋರು ಇನ್ನೊಬ್ರ ಎಸ್ರಲ್ಲಿ ಒಳಿಕ್ಕೋಯ್ತಾರೆ. ನಮ್ಮೆಜಮಾನ್ರು ಅಂಥೋರಲ್ಲ ಬುಡು. ಅವ್ರ ಹನ್ನೊಂದೂ ಅವ್ರ ಎಸ್ರಲ್ಲೇ ಐತೆ.”

“ಹನ್ನೊಂದು!” ಪದ್ಮಶ್ರೀ ಬಹಳ ಮೆತ್ತಗೆ ಅಂದಳು: “ಅಮ್ಮಾ, ನೀವು ಹೆದರ್ಬೇಡಿ. ಎಲ್ಲಾ ಮನೇಲೂ ಒಂದು ಗುಟ್ಟಿರುತ್ತೆ. ನಿಮ್ಮ ಗುಟ್ಟು ನಮಗೆ ಗೊತ್ತಾಯ್ತು. ನಾವು ಯಾರಿಗೂ ಹೇಳಲ್ಲ. ಮಗಳಿಗೂ ಹೇಳಲ್ಲ.”

ಫೋನಿಟ್ಟ ರುಕ್ಮಿಣಮ್ಮ ಒಲೆಯ ಮುಂದೆ ಹಾಗೇ ಕೂತಳು. ಹುರುಳಿಕಾಳು ತಳ ಹಿಡಿದ ವಾಸನೆ ಬಂದರೂ ಏಳಲಿಲ್ಲ. ಯಾಕೆಂದರೆ ಅವಳ ಹತ್ತಿರ ನಿಜವಾಗಿಯೂ ಒಂದು ಗುಟ್ಟಿತ್ತು.

ಅವಳ ತವರು ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆ ಕಡೆ. ಹದಿನೆಂಟನೇ ವಯಸ್ಸಿನಲ್ಲಿ, ಕಾಕನಕೋಟೆಯ ಕಾಡಿಗೆ ಒಂದು ಸಿನಿಮಾದವರು ಬಂದಿದ್ದರು. ಹಾಡಿನಲ್ಲಿ ನಾಯಕಿಯ ಹಿಂದೆ ಕೊಡ ಹೊತ್ತು ನಿಲ್ಲಲು ಹಳ್ಳಿ ಹುಡುಗಿಯರು ಬೇಕಾಗಿದ್ದರು. ಚಿಕ್ಕಮ್ಮನ ಮನೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಲಾರಿ ಹತ್ತಿದ ರುಕ್ಮಿಣಿ ಮೂರು ದಿನ ಹಸಿರು ಲಂಗ ತೊಟ್ಟು ಹೊಳೆದಂಡೆಯಲ್ಲಿ ನಿಂತಿದ್ದಳು. ಒಂದು ಮಾತನ್ನೂ ಕೊಟ್ಟಿದ್ದರು. ಮೂರು ದಿನವೂ ಅದನ್ನೇ ಬಾಯಿಪಾಠ ಮಾಡಿದ್ದಳು. ನಾಲ್ಕನೆಯ ದಿನ ಅಣ್ಣ ಮಂಚಯ್ಯ ಹುಡುಕಿಕೊಂಡು ಬಂದು, ಕೊಡದ ಸಮೇತ ಎಳೆದುಕೊಂಡು ಹೋಗಿದ್ದ. “ನಿನ್ನ ಗಂಡನ ಮನೇಲಿ ಇದು ಗೊತ್ತಾದ್ರೆ ಮೂರೇ ದಿನಕ್ಕೆ ವಾಪ್ಸು ಕಳಿಸ್ತಾರೆ ಕಣವ್ವಾ, ಉಸುರು ಬುಡ್ಬ್ಯಾಡ” ಎಂದು ಆಣೆ ಹಾಕಿಸಿದ್ದ. ಅವಳು ಮೂವತ್ತು ವರ್ಷ ಉಸಿರು ಬಿಟ್ಟಿರಲಿಲ್ಲ. ಸಿನಿಮಾ ಎಂಬ ಪದಕ್ಕೇ ಮುಖ ತಿರುಗಿಸುವ ಗಂಡನ ಮುಂದೆ ಬಿಡುವುದಾದರೂ ಹೇಗೆ?

ಟೀವಿಯವರಿಗೆ ಹಳೇ ರೀಲು ಸಿಕ್ಕಿರಬೇಕು. ಶುಕ್ರವಾರ ಕರಿಯಪ್ಪನ ಮುಂದೆ ತೋರಿಸಿಬಿಟ್ಟರೆ? ಬೆಂಚಿನ ಮೇಲೆ ಮಗಳ ಪಕ್ಕ ಕೂರುವುದಿರಲಿ, ಆಮೇಲೆ ಅವನು ಮನೆಯೊಳಗೆ ಕಾಲಿಡುತ್ತಾನೋ ಇಲ್ಲವೋ.

ಗುರುವಾರ ಮಧ್ಯಾಹ್ನ ಪದ್ಮಶ್ರೀ ಜಾಗ ನೋಡಲು ಕಾರಿನಲ್ಲಿ ಬಂದಳು. ಅವಳು ಯಾರಿಗೂ ಹೇಳುವುದಿಲ್ಲ ಎಂದದ್ದು ಸತ್ಯ. ಡ್ರೈವರ್‌ಗೆ ಮಾತ್ರ ಹೇಳಿದ್ದಳು. ಆ ಪುಣ್ಯಾತ್ಮ ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಕತ್ತು ಹೊರಗೆ ಚಾಚಿ, “ಯಜಮಾನ್ರು ಜೈಲಲ್ಲಿದ್ದಾರಲ್ಲ, ಸೀರಿಯಲ್ ಡಾಕ್ಟರು, ಅವರ ಮನೆ ಯಾವುದು?” ಎಂದು ಕೇಳಿದ. ಟೀ ಅಂಗಡಿಯಲ್ಲಿ ಆರು ಲೋಟ ಒಟ್ಟಿಗೆ ಕೆಳಗಿಟ್ಟ ಸದ್ದಾಯಿತಂತೆ.

ಕಾರು ಮನೆಯ ಮುಂದೆ ಬರುವ ಮೊದಲೇ ಪಕ್ಕದ ಮನೆಯ ಉಷಾರಾಣಿ ಹಿತ್ತಲಿನಿಂದ ಓಡಿಬಂದಳು.

“ರುಕ್ಮಿಣಕ್ಕಾ! ನಿಂಗೆ ಗೊತ್ತೇ ಇಲ್ವಾ? ಕರಿಯಪ್ಪಣ್ಣನ್ನ ಪೋಲೀಸ್ನೋರು ಎತ್ತಾಕ್ಕೊಂಡೋಗವ್ರಂತೆ!”

“ಥೂ, ನಿನ್ ಬಾಯಿಗಿಷ್ಟು. ಯಾರೇ ಅಂದೋರು?”

“ಟೀವಿಯೋರೇ ಅಂದವ್ರೆ ಕಣಕ್ಕಾ. ಅವ್ರಿಗಿಂತ ಮುಂಚೆ ಯಾರಿಗೆ ಗೊತ್ತಾಯ್ತದೆ? ಹನ್ನೊಂದು ಕೇಸಂತೆ!”

ರುಕ್ಮಿಣಮ್ಮ ನಗಲು ಹೋದಳು. ನಗು ಬರಲಿಲ್ಲ. ಗಂಡನ ನಂಬರು ಒತ್ತಿದಳು. ಸ್ವಿಚ್ ಆಫ್. ಮತ್ತೆ ಒತ್ತಿದಳು. ಸ್ವಿಚ್ ಆಫ್. ಮೂರನೆಯ ಸಲವೂ ಅದೇ. ಹೊಗೆಸೊಪ್ಪು ಹರಾಜಾಗದಿದ್ದರೂ ಫೋನು ಆಫ್ ಮಾಡುವ ಮನುಷ್ಯನಲ್ಲ ಅವನು.

ಅಷ್ಟರಲ್ಲಿ ಪದ್ಮಶ್ರೀ ಒಳಗೆ ಬಂದು, ರುಕ್ಮಿಣಮ್ಮನ ಎರಡೂ ಕೈ ಹಿಡಿದುಕೊಂಡಳು. “ಅಮ್ಮಾ, ಧೈರ್ಯ ತಗೊಳ್ಳಿ. ಹಳೇದೆಲ್ಲ ನಾನು ಕೆದಕಲ್ಲ.”

“ನಿಮ್ಗೆ... ಎಲ್ಲಾ ಗೊತ್ತಾ ತಾಯಿ?”

“ಎಲ್ಲಾ ಗೊತ್ತು. ಆ ವಯಸ್ಸಿನಲ್ಲಿ ಏನೋ ಆಗಿಹೋಗುತ್ತೆ.”

“ಮೂರೇ ದಿನ ಕಣವ್ವಾ.”

“ಮೂರು ದಿನಾನಾ? ವರ್ಷವರ್ಷಾನೂ ಅಂದ್ರಲ್ಲಾ?”

“ಯಾರಂದೋರು? ಮೂರೇ ದಿನ. ನಮ್ಮಣ್ಣ ಬಂದು ಬುಡಿಸ್ಕೊಂಡೋದ.”

“ಆಗ ಅಣ್ಣ ಬಿಡಿಸ್ಕೊಂಡು ಬಂದ್ರಾ? ಹಾಗಾದ್ರೆ ಈಗಲೂ ಅವರನ್ನೇ ಕರೆಸಿ ಅಮ್ಮಾ” ಎಂದಳು ಆ ಹುಡುಗಿ, ಕಣ್ಣು ಒರೆಸಿಕೊಳ್ಳುತ್ತಾ.

ರುಕ್ಮಿಣಮ್ಮನ ತಲೆಯಲ್ಲಿ ಎರಡು ಗಂಟುಗಳು ಬಿಗಿದು ಒಂದಾದವು. ಗಂಡನಿಗೆ ಕಾಕನಕೋಟೆಯ ಸಂಗತಿ ತಿಳಿದಿದೆ. ಹರಾಜಿನ ಕಟ್ಟೆಯಲ್ಲಿ ಯಾರೋ ಅದನ್ನೆತ್ತಿ ಆಡಿಕೊಂಡಿದ್ದಾರೆ. ಇವನು ಹೊಡೆದಿದ್ದಾನೆ. ಹನ್ನೊಂದು ಜನರನ್ನು. ಮನುಷ್ಯ ನೋಡಲು ಸಣಕಲು. ಆದರೂ ಎರಡು ವರ್ಷ ಬಾಯಿ ಕಟ್ಟಿಕೊಂಡವನ ಕೈಯಲ್ಲಿ ಎಷ್ಟು ಬಲ ಸೇರಿರುತ್ತದೋ ಯಾರು ಬಲ್ಲರು? ಅವಳು ಅಣ್ಣನಿಗೆ ಫೋನು ಮಾಡಿದಳು. ಕೆ.ಆರ್. ನಗರದಲ್ಲಿರುವ ತಂಗಿಯ ಗಂಡ, ವಕೀಲ ಧರ್ಮೇಂದ್ರನಿಗೂ ಫೋನು ಮಾಡಿದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೇ ಮನೆ ತುಂಬಿತು.

ಮಂಚಯ್ಯ ಪ್ಲಾಸ್ಟಿಕ್ ಕವರಿನಲ್ಲಿ ತನ್ನ ಜಮೀನಿನ ಪಹಣಿ, ಆಧಾರು, ಪಡಿತರ ಚೀಟಿ, ಜೊತೆಗೆ ಯಾವುದಕ್ಕೂ ಇರಲಿ ಎಂದು ಹೆಂಡತಿಯ ಪಡಿತರ ಚೀಟಿಯ ಹಳೇ ಪ್ರತಿಯನ್ನೂ ಹಿಡಿದು ಬಂದಿದ್ದ. “ಜಾಮೀನಿಗೆ ನಾನಿವ್ನಿ ಬುಡು” ಎಂದು ಗಟ್ಟಿಯಾಗಿ ಹೇಳಿ, ತಂಗಿಯ ಕಿವಿಯ ಬಳಿ ಬಗ್ಗಿ, “ಆ ಕಾಡಿನ ಇಸ್ಯ ಏನಾದ್ರೂ ಬಾಯಿಬುಟ್ಯಾ?” ಎಂದ.

“ನಾನ್ಯಾಕೆ ಬುಡ್ಲಣ್ಣ? ಟೀವಿಯೋರಿಗೆ ಅದೆಂಗೋ ಗೊತ್ತಾಗೈತೆ.”

ಧರ್ಮೇಂದ್ರ ಕರಿ ಕೋಟು ತೊಟ್ಟೇ ಬಂದಿದ್ದ. ಕ್ಯಾಮರಾ ಬರುತ್ತದೆಂದು ಅದಕ್ಕೆ ಇಸ್ತ್ರಿಯೂ ಆಗಿತ್ತು. “ಅಕ್ಕಾ, ನಾನು ಬರೋತನಕ ಯಾರೂ ಒಂದು ಮಾತೂ ಆಡಿಲ್ಲ ತಾನೆ?” ಎಂದು ಕೇಳಿ, ಆಮೇಲೆ ತಾನೊಬ್ಬನೇ ಮುಕ್ಕಾಲು ಗಂಟೆ ಮಾತಾಡಿದ. ಹನ್ನೊಂದು ಎಫ್‌ಐಆರ್ ಎಂದರೆ ಹೈಕೋರ್ಟಿಗೇ ಹೋಗಬೇಕು, ಸೆಲೆಬ್ರಿಟಿ ಕುಟುಂಬವಾದ್ದರಿಂದ ಪತ್ರಿಕಾಗೋಷ್ಠಿಯೂ ಬೇಕಾಗಬಹುದು, ಅದರಲ್ಲಿ ತಾನೇ ಮಾತಾಡುವುದು ಒಳ್ಳೆಯದು ಎಂದ.

ಹತ್ತೂವರೆಗೆ ಒಬ್ಬ ಕಾನ್‌ಸ್ಟೇಬಲ್ ಬೈಕಿನಲ್ಲಿ ಬಂದ. ಅವನಿಗೆ ಈ ಮನೆಯವರಿಗಿಂತ ಹೆಚ್ಚು ಚಿಂತೆಯಾಗಿತ್ತು. “ನೋಡ್ರಮ್ಮಾ, ಸಾಹೇಬ್ರು ಕೇಳ್ತಾವ್ರೆ. ನಿಮ್ಮೆಜಮಾನ್ರನ್ನ ಅರೆಸ್ಟ್ ಮಾಡಿರೋದು ಯಾವ ಸ್ಟೇಷನ್ನು? ನಮ್ಮ ಬುಕ್ಕಲ್ಲಿ ಇಲ್ಲ. ಹುಣಸೂರ್ನೋರಿಗೆ ಕೇಳಿದ್ರೆ ಅವ್ರ ಬುಕ್ಕಲ್ಲೂ ಇಲ್ಲ. ಯಾರೋ ಒಬ್ರು ಮಾಡಿರ್ಬೇಕಲ್ಲ?”

“ಬುಕ್ಕಲ್ಲೇ ಇಲ್ಲ ಅಂದ್ರೆ ಅಕ್ರಮ ಬಂಧನ!” ಎಂದು ಧರ್ಮೇಂದ್ರ ಎದ್ದು ನಿಂತ. ಕಾನ್‌ಸ್ಟೇಬಲ್ ಎರಡು ಹೆಜ್ಜೆ ಹಿಂದೆ ಹೋಗಿ ಕರುವಿನ ಹಗ್ಗ ತುಳಿದ.

ಆ ಗದ್ದಲದಲ್ಲೇ ಪದ್ಮಶ್ರೀಯ ಕಾರೂ ಅದರ ಹಿಂದೆಯೇ ಚಾನೆಲ್ಲಿನ ವ್ಯಾನೂ ಬಂದವು. ಸೌಂದರ್ಯ ಇಳಿದಳು. ಜರತಾರಿ ಸೀರೆ, ಕಪ್ಪು ಕನ್ನಡಕ. ಅಂಗಳದಲ್ಲಿ ವಕೀಲ, ಪೋಲೀಸು, ಪಹಣಿ ಹಿಡಿದ ಮಾವ, ಬೇಲಿಯ ಮೇಲೆ ಅರ್ಧ ಊರು. ಹಾರಕ್ಕೆ ಕುತ್ತಿಗೆ ಬಗ್ಗಿಸಿಕೊಂಡು ಬಂದವಳು ಹಾಗೇ ನಿಂತಳು.

“ಅಮ್ಮಾ, ಏನಾಯ್ತು? ಅಪ್ಪ ಎಲ್ಲಿ?”

ಕ್ಯಾಮರಾದವನು ಕ್ಯಾಮರಾ ಎತ್ತಿಕೊಂಡ. ರುಕ್ಮಿಣಮ್ಮ ಜಗಲಿಯ ಬೆಂಚನ್ನು ನೋಡಿದಳು. ಎಂದೋ ತೊಳೆದು ಒರೆಸಿ, ಎರಡು ಜನಕ್ಕೆ ಸರಿಯಾಗಿ ಜಮಖಾನ ಹಾಸಿದ್ದಳು. ಹನ್ನೊಂದಕ್ಕೆ ಐದು ನಿಮಿಷ ಇತ್ತು.

ಆಗ ತಿರುವಿನಲ್ಲಿ ಒಂದು ಗೂಡ್ಸ್ ಆಟೋ ಕಾಣಿಸಿತು. ಹಿಂದೆ ಖಾಲಿ ಗೋಣಿತಾಟಿನ ಕಟ್ಟು. ಅದರ ಮೇಲೆ ಕರಿಯಪ್ಪ, ನಾಲ್ಕು ದಿನದ ಗಡ್ಡ, ಮುದುರಿದ ಅಂಗಿ, ಕೆಂಪು ಕಣ್ಣು. ನೋಡಿದವರಿಗೆ ನೇರ ಜೈಲಿನಿಂದ ಬಂದ ಹಾಗೇ ಇದ್ದ.

“ಯಾವ ಸ್ಟೇಷನ್ನಿಂದ ಬುಟ್ರು ಸಾರ್?” ಕಾನ್‌ಸ್ಟೇಬಲ್ ಆಸೆಯಿಂದ ಕೇಳಿದ.

“ಅಣ್ಣಾ, ಒಂದು ಮಾತೂ ಆಡ್ಬೇಡಿ!” ಧರ್ಮೇಂದ್ರ ಅಡ್ಡ ಬಂದ.

ಪದ್ಮಶ್ರೀ ಮಾತ್ರ ತಡೆಯಲಾರದೆ, “ಸರ್... ಬೇಲ್ ಆಯ್ತಾ?” ಎಂದಳು.

ಕರಿಯಪ್ಪನ ಮುಖ ಅರಳಿತು. ನಾಲ್ಕು ದಿನದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ ಅದು. “ಆಯ್ತು ಕಣವ್ವಾ! ಹನ್ನೊಂದೂ ಆಯ್ತು! ಬೆಳಬೆಳಗ್ಗೇನೆ, ಒಂದೇ ಏಟ್ಗೆ!”

“ಹನ್ನೊಂದು ಬೇಲು ಒಂದೇ ಬೆಳಗ್ಗೆ?” ಧರ್ಮೇಂದ್ರನ ದನಿಯಲ್ಲಿ ವೃತ್ತಿಯ ಹೊಟ್ಟೆಯುರಿ ಇಣುಕಿತು. “ಯಾವ ವಕೀಲ ಅಣ್ಣಾ ಮಾಡ್ಸಿದ್ದು?”

ಕರಿಯಪ್ಪ ಏನೋ ಹೇಳುವ ಮೊದಲೇ ರುಕ್ಮಿಣಮ್ಮ ಅಂಗಳಕ್ಕೆ ನುಗ್ಗಿದಳು. ಮೂವತ್ತು ವರ್ಷ ಹಿಡಿದಿಟ್ಟದ್ದು ಒಂದೇ ಉಸಿರಿಗೆ ಹೊರಬಂತು.

“ನಂದೇ ತಪ್ಪು ಕಣ್ರೀ! ಕಾಕನಕೋಟೆಗೆ ಓಗಿದ್ದೂ ನಾನೇ, ಸಿನಿಮಾದಲ್ಲಿ ಕೊಡ ಹೊತ್ಕೊಂಡು ನಿಂತಿದ್ದೂ ನಾನೇ. ನಿಮ್ಮುಂದೆ ಮುಚ್ಚಿಟ್ಟೆ. ಯಾರು ಏನಂದ್ರೋ, ನೀವು ಯಾರಿಗೆ ಒಡೆದ್ರೋ, ನಂಗೊತ್ತಿಲ್ಲ. ಮಗೀದೇನೂ ತಪ್ಪಿಲ್ಲ. ಅವಳ ಪಕ್ಕದಲ್ಲಿ ಒಂದು ಗಳಿಗೆ ಕುಂತ್ಕಳಿ, ಆಮ್ಯಾಕೆ ನನ್ನ ತವ್ರಿಗೆ ಕಳಿಸಿ!”

ಮಂಚಯ್ಯ ತಲೆಯ ಮೇಲೆ ಪಹಣಿ ಇಟ್ಟುಕೊಂಡ. ಸೌಂದರ್ಯ ಕನ್ನಡಕ ತೆಗೆದು ತಾಯಿಯನ್ನು ಮೊದಲ ಸಲ ನೋಡುವ ಹಾಗೆ ನೋಡಿದಳು.

ಕರಿಯಪ್ಪ ಆಟೋದಿಂದ ಇಳಿದ. ಟವೆಲು ಕೊಡವಿದ. ಆ ಸದ್ದಿಗೆ ರುಕ್ಮಿಣಮ್ಮ ಕಣ್ಣು ಮುಚ್ಚಿದಳು.

“ಹಸ್ರು ಲಂಗ” ಎಂದ ಕರಿಯಪ್ಪ. “ಎಡಗಡೆಯಿಂದ ಮೂರ್ನೆಯೋಳು.”

ಅವಳು ಕಣ್ಣು ತೆರೆದಳು.

“ಟೆಂಟ್‌ನಲ್ಲಿ ಏಳ್ಸಲ ನೋಡಿವ್ನಿ. ಆ ಹಾಡಿಗೆ ಒಳೀಕ್ಕೋಗಿ, ಹಾಡು ಮುಗ್ದೇಟ್ಗೆ ಈಚೆಗ್ ಬತ್ತಿದ್ದೆ. ಅಂತರಸಂತೆ ಕಡೆಯೋಳು ಅಂತ ವಿಚಾರಿಸ್ಕೊಂಡೇ ಹೆಣ್ಣು ಕೇಳಕ್ಕೆ ಬಂದಿದ್ದು.”

“ದಾರೀಲಿ ಓಗ್ತಿದ್ದೋ, ಅಂಗೇ ಬಂದೋ ಅಂದ್ರಲ್ಲ ಭಾವ!” ಮಂಚಯ್ಯ ಕೂಗಿದ.

“ಇನ್ನೇನಂತ ಏಳ್ಲಿ? ನಿನ್ ತಂಗೀನ ಸಿನಿಮಾದಲ್ಲಿ ನೋಡ್ದೆ ಅಂದಿದ್ರೆ ನೀನು ಹೆಣ್ಣು ಕೊಡ್ತಿದ್ಯಾ?” ಕರಿಯಪ್ಪ ಹೆಂಡತಿಯ ಕಡೆ ತಿರುಗಿದ. ದನಿ ಇಳಿಯಿತು. “ನೀನೇ ಏಳ್ತೀಯ ಅಂತ ಕಾದೆ. ಏಳ್ಲಿಲ್ಲ. ನಾನೂ ಕೇಳ್ಲಿಲ್ಲ. ಹಾಡಿನ ಕೊನೇಲಿ ನೀನು ಏನೋ ಅನ್ನಕ್ಕೆ ಬಾಯಿ ತೆಗೀತೀಯ, ಅಷ್ಟರಲ್ಲೇ ಕಟ್ ಮಾಡ್ಬುಡ್ತಾರೆ. ಏಳ್ಸಲ ನೋಡಿದ್ರೂ ಅಷ್ಟೇಯ. ಬಾಯಿ ತೆಗ್ದೋಳ ಮಾತು ಕತ್ತರ್ಸೋ ಕೆಲ್ಸ ಅದು, ನನ್ ಮಗಳಿಗೆ ಬ್ಯಾಡ ಅಂತಿತ್ತು ನಂಗೆ.” ಸ್ವಲ್ಪ ತಡೆದ. “ಏನೇ ಅದು? ಏನನ್ನಕ್ಕೋಗಿದ್ದೆ?”

ರುಕ್ಮಿಣಮ್ಮನಿಗೆ ಮೂರು ದಿನದ ಬಾಯಿಪಾಠ ಮೂವತ್ತು ವರ್ಷವಾದರೂ ಮರೆತಿರಲಿಲ್ಲ. ಸೊಂಟದ ಮೇಲೆ ಇಲ್ಲದ ಕೊಡಕ್ಕೆ ಕೈ ಹೋಯಿತು.

“ಅಕ್ಕಾ, ಕೊಡ ತುಂಬ್ತು.”

“ಅಷ್ಟೇಯಾ?”

“ಅಷ್ಟೇಯ.”

“ಚೆಂದಾಗೈತೆ” ಎಂದ ಕರಿಯಪ್ಪ.

ಆದರೆ ಕಾನ್‌ಸ್ಟೇಬಲ್‌ಗೆ ಸಾಹೇಬರಿಗೆ ಉತ್ತರ ಒಯ್ಯಬೇಕಿತ್ತು. “ಅದಿರ್ಲಿ ಸಾರ್, ಹನ್ನೊಂದು ಬೇಲು ಯಾವ ಕೋರ್ಟಲ್ಲಿ ಆಯ್ತು?”

“ಕೋರ್ಟಾ? ಹರಾಜಲ್ಲಿ ಕಣಪ್ಪ!” ಕರಿಯಪ್ಪ ಅಂಗಿಯ ಜೇಬಿನಿಂದ ಮುದುರಿದ ಒಂದು ಹೊಂಬಣ್ಣದ ಎಲೆ ತೆಗೆದು ಅವನ ಮೂಗಿಗೆ ಹಿಡಿದ. ಕಾನ್‌ಸ್ಟೇಬಲ್ ಸೀನಿದ. ಪದ್ಮಶ್ರೀ ಎಲೆಯನ್ನೂ ಗೋಣಿತಾಟನ್ನೂ ವಕೀಲನನ್ನೂ ಒಂದೊಂದಾಗಿ ನೋಡಿ, ಡ್ರೈವರನ್ನು ಹುಡುಕಿದಳು. ಅವನು ಆಗಲೇ ಕಾರಿನ ಗಾಜು ಏರಿಸಿಕೊಂಡಿದ್ದ. ಸುದ್ದಿ ಹಂಚಿದ ಉಷಾರಾಣಿಗೆ ಮನೆಯಲ್ಲಿ ಹಾಲು ಉಕ್ಕುತ್ತಿರುವುದು ನೆನಪಾಯಿತು.

“ಮತ್ತೆ ಫೋನ್ ಯಾಕೆ ಆಫ್ ಮಾಡ್ಕೊಂಡಿದ್ರಿ?” ರುಕ್ಮಿಣಮ್ಮನಿಗೆ ಈಗ ಅಳುವಿಗಿಂತ ಸಿಟ್ಟು ಬಂದಿತ್ತು.

ಕರಿಯಪ್ಪ ಮೊದಲ ಸಲ ತಡವರಿಸಿದ. “ಚಾರ್ಜು ಕಾಲಿಯಾಯ್ತು.”

“ಎಂಗೆ ಕಾಲಿಯಾಯ್ತು?”

ಅವನು ನೆಲ ನೋಡಿದ. ಆಮೇಲೆ ಮಗಳ ಕಡೆ ತಿರುಗಿ, ಎರಡು ವರ್ಷದ ಮೇಲೆ ಅವಳೊಡನೆ ಮೊದಲ ಮಾತಾಡಿದ. “ನೀನು ಆ ಕೊಳವೆ ಇಟ್ಟು ಎದೆ ನೋಡೋದು ಬಲಗಡೆ ಕಣವ್ವಾ. ಗುಂಡಿಗೆ ಇರೋದು ಎಡಗಡೆ. ಫೋನಲ್ಲಿ ನಾಕು ಕಂತಿಂದ ನೋಡ್ತಾವ್ನಿ, ಯಾರೂ ಏಳ್ತಾನೇ ಇಲ್ಲ ನಿಂಗೆ.”

ಸೌಂದರ್ಯ ಬೆಂಚಿನ ಮೇಲೆ ಕುಸಿದು ಕೂತು, ಬಣ್ಣ ಹಾಳಾಗುವಂತೆ ಅತ್ತಳು. ಕರಿಯಪ್ಪ ಪಕ್ಕದಲ್ಲಿ ಕೂತ. ಏಳೂವರೆಗೆ ಬ್ಯಾರನ್ನಿನಲ್ಲಿ ಅವನು ಏನು ಮಾಡುತ್ತಿದ್ದ ಎಂಬುದು ಎಲ್ಲರಿಗೂ ಒಟ್ಟಿಗೆ ಹೊಳೆಯಿತು.

“ಮೇಡಂ, ನಿಮ್ಮ ತಂದೆಯ ಎಕ್ಸ್‌ಪೋರ್ಟ್...” ಎಂದು ಕ್ಯಾಮರಾದವನು ಶುರುಮಾಡಿದ.

“ಹೊಗೆಸೊಪ್ಪು” ಎಂದಳು ಸೌಂದರ್ಯ, ಮೂಗು ಒರೆಸಿಕೊಂಡು. “ನಮ್ಮಪ್ಪ ಹೊಗೆಸೊಪ್ಪು ಬೆಳೀತಾರೆ. ಬರ್ಕೊಳ್ಳಿ.”

ಮುಂದಿನ ಭಾನುವಾರ ಮಧ್ಯಾಹ್ನ ಕಾರ್ಯಕ್ರಮ ಬಂತು. ಊರಿನ ಅರ್ಧ ಭಾಗ ಕರಿಯಪ್ಪನ ನಡುಮನೆಯಲ್ಲಿತ್ತು, ಕರಿಯಪ್ಪನೂ ಇದ್ದ. ಧರ್ಮೇಂದ್ರನ ಕರಿ ಕೋಟು ಎರಡು ನಿಮಿಷ ಬಂತು. ಕಾನ್‌ಸ್ಟೇಬಲ್ ಬಂದಾಗ ಕೆಳಗೆ ‘ತಾರೆಗೆ ಬಿಗಿ ಭದ್ರತೆ’ ಎಂದು ಅಕ್ಷರ ಓಡಿದವು. ತಂದೆ ಮಗಳು ಬೆಂಚಿನ ಮೇಲೆ ಕೂತು ಅತ್ತರು, ಅದಕ್ಕೆ ಪಿಟೀಲು ಸೇರಿತ್ತು. ರುಕ್ಮಿಣಮ್ಮ ಮೂರು ಸೆಕೆಂಡು ಕಂಡಳು. ಮಜ್ಜಿಗೆಯ ತಟ್ಟೆ ಹಿಡಿದು ಬೆಂಚಿನ ಹಿಂದೆ ನಿಂತಿದ್ದಳು, ಎಡಗಡೆಯಿಂದ ಮೂರನೆಯವಳು. ಏನೋ ಹೇಳಲು ಬಾಯಿ ತೆರೆದಳು. ಸೋಪಿನ ಜಾಹೀರಾತು ಬಂತು.

ಕರಿಯಪ್ಪ ಎದ್ದು ಟವೆಲು ಕೊಡವಿದ. ಚಾರ್ಜಿಗೆ ಹಾಕಿದ್ದ ಫೋನು ಕಿತ್ತುಕೊಂಡು ನಂಬರು ಒತ್ತಿದ.

“ಪದ್ಮಶ್ರೀ ಅವ್ರಾ? ನಾನು ಕರಿಯಪ್ಪ. ನಿಮ್ಮ ಬೇಲ್ ರಿಜೆಕ್ಟ್ ಆಗೈತೆ ಕಣವ್ವಾ... ಊಂ, ನಾನೇ ಮಾಡಿದ್ದು. ಬಿಚ್ಚಿ, ಹದ ಮಾಡ್ಕೊಂಡು ಇನ್ನೊಂದ್ಸಲ ತಗಬನ್ನಿ. ಒಂದೇ ಮಾತು ಐತೆ ಅವಳ್ದು, ಅದನ್ನ ಪೂರ್ತಿ ಆಕಿದ್ರೇನೇ ನಾನು ಒಪ್ಪೋದು.”

ಆ ಕಡೆಯಿಂದ ಏನು ಉತ್ತರ ಬಂತೋ ಕೇಳಿಸಲಿಲ್ಲ. ರುಕ್ಮಿಣಮ್ಮ ಅಷ್ಟರಲ್ಲೇ ಎದ್ದು ಕೋಣೆಗೆ ಹೋಗಿದ್ದಳು. ಪೆಟ್ಟಿಗೆಯ ತಳದಲ್ಲಿ ಒಂದು ಹಸಿರು ಸೀರೆ ಇರಬೇಕಲ್ಲ ಎಂದು ಹುಡುಕುತ್ತಿದ್ದಳು.